ಹಳೆ ಬಲ್ಬು ಹಾಕಿದ ಮೇಲೆ ಕೆಸರಿಗೆ ಬಣ್ಣ ಬಂತು

ವಿನೋಗ್ರಾಡ್‌ಸ್ಕಿ ಕಂಬ ಮಾಡಲು ಹೋಗಿ ಕೈಬಿಟ್ಟವರು ನಿಮ್ಮಲ್ಲೂ ಇರಬಹುದು. ಗಾಜಿನ ಜಾಡಿಗೆ ಕೆಸರು ತುಂಬಿ ಬೆಳಕಿಗಿಟ್ಟು, ಅದರೊಳಗಿನ ಬ್ಯಾಕ್ಟೀರಿಯಾಗಳು ಬಣ್ಣಬಣ್ಣದ ಪದರಗಳಾಗಿ ಬೆಳೆಯುವಂತೆ ಮಾಡುವ ಪ್ರಯೋಗ ಅದು. ನಾನೂ ಮೂರು ಸಲ ಸೋತೆ. "ಬ್ಯಾಕ್ಟೀರಿಯಾ ತೋರಿಸಬೇಕಾದ್ರೆ ಮೈಕ್ರೋಸ್ಕೋಪ್ ತಗೊಳ್ಳಿ ಮೇಷ್ಟ್ರೇ, ಸುಮ್ನೆ ಕೆಸರು ಯಾಕೆ ಕೊಳೆಸ್ತೀರಿ" ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದರು. ನನ್ನ ಹಟ ಒಂದೇ: ಬರಿಗಣ್ಣಿಗೆ ಕಾಣುವಂತೆ ತೋರಿಸಬೇಕು.

ಮೊದಲ ಸಲ ಒಂದು ಲೀಟರ್ ಕೆಸರಿಗೆ ಎರಡು ಇಡೀ ಮೊಟ್ಟೆ ಹಾಕಿದ್ದೆ. ಮುಚ್ಚಳವನ್ನೂ ಬಿಗಿಯಾಗಿ ತಿರುಗಿಸಿದ್ದೆ. ಒಂಬತ್ತನೇ ದಿನಕ್ಕೋ ಹತ್ತನೇ ದಿನಕ್ಕೋ ಗ್ಯಾಸ್ ತುಂಬಿ ಮುಚ್ಚಳ ಹಾರಿತು. ವಾಸನೆಗೆ ಎರಡು ದಿನ ಆ ಕೋಣೆಗೆ ಯಾರೂ ಕಾಲಿಡಲಿಲ್ಲ. ಎರಡನೆಯದನ್ನು ನೇರ ಬಿಸಿಲಿಗೆ ಇಟ್ಟೆ. ಬಾಟಲಿ ಕಾದು, ಗುಳ್ಳೆಗಳೆದ್ದು ಕೆಸರು ತುಂಡು ತುಂಡಾಯಿತು.

ಮೂರನೆಯದೇ ಹೆಚ್ಚು ನೋವು ಕೊಟ್ಟದ್ದು. ಗಿಡ ಬೆಳೆಸುವ ಎಲ್‌ಇಡಿ ದೀಪ ಕೊಂಡೆ, ದಪ್ಪ ಗಾಜಿನ ಕೊಳವೆ ಕೊಂಡೆ. ಇವತ್ತಿನವರೆಗೆ ಈ ಕೆಲಸಕ್ಕೆ ಹಾಕಿದ ಹಣದಲ್ಲಿ ಮುಕ್ಕಾಲು ಪಾಲು ಅಲ್ಲೇ ಹೋಯಿತು. ಮೂರು ತಿಂಗಳು ಕಾದರೂ ಮೇಲೆ ಒಂದಿಷ್ಟು ಹಸಿರು ಬಿಟ್ಟರೆ ಕೆಳಗೆಲ್ಲ ಕಪ್ಪು.

ತಪ್ಪು ಬೆಳಕಿನದ್ದು. ಕೆಸರಿಗೆ ಬಣ್ಣ ಕೊಡುವ ನೇರಳೆ ಬ್ಯಾಕ್ಟೀರಿಯಾಗಳು ಜಾಸ್ತಿ ಹೀರುವುದು 800ರಿಂದ 900 ನ್ಯಾನೋಮೀಟರ್ ತರಂಗಾಂತರದ, ನಮ್ಮ ಕಣ್ಣಿಗೆ ಕಾಣದ ಬೆಳಕನ್ನು. ಹಸಿರು ಗಂಧಕ ಬ್ಯಾಕ್ಟೀರಿಯಾಗಳಿಗೆ 750ರ ಆಸುಪಾಸು ಬೇಕು. ನನ್ನ ಎಲ್‌ಇಡಿಯಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಂತಿ ಉರಿಯುವ ಹಳೆ ಬಲ್ಬಿನಲ್ಲಿ ಅದೇ ಧಾರಾಳ. ಮೂಲೆಯಲ್ಲಿ ಬಿದ್ದಿದ್ದ 40 ವ್ಯಾಟಿನ ಬಲ್ಬನ್ನು ಒಂದು ಮೊಳ ದೂರದಲ್ಲಿ ಇಟ್ಟೆ.

ಈ ಸಲ ಖಾಲಿ ಜಾಡಿ, ಕೆರೆಯ ಕೆಸರು, ಒಂದು ಹಿಡಿ ಹರಿದ ಪೇಪರು, ಎರಡು ಚಮಚ ಜಿಪ್ಸಂ, ಅಷ್ಟೇ ಸುಣ್ಣದ ಕಲ್ಲಿನ ಪುಡಿ, ಅರ್ಧ ಮೊಟ್ಟೆಯ ಹಳದಿ. ಮುಚ್ಚಳ ಸಡಿಲ. ಖರ್ಚು ಇಲ್ಲವೆಂದೇ ಹೇಳಬೇಕು. ಕೆಸರನ್ನು ಎಷ್ಟು ತೆಳು ಮಾಡಿಕೊಳ್ಳುತ್ತೇನೆ, ಯಾವ ಕೆಸರನ್ನು ಕೆಳಗೆ ಹಾಕುತ್ತೇನೆ ಅನ್ನುವುದನ್ನು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದನ್ನು ಕಲಿಯಲು ಒಂದೂವರೆ ವರ್ಷ ಹಿಡಿದಿದೆ.

ಐದನೇ ವಾರ ಗಾಜಿನ ಒಳಗೆ ಉಗುರಿನಷ್ಟು ಅಗಲದ ನೇರಳೆ ಮಚ್ಚೆ ಕಂಡಿತು. ದಿನಾ ಪೆನ್ನಿನಿಂದ ಅದರ ಅಂಚು ಗುರುತು ಮಾಡಿದೆ. ಎಂಟನೇ ವಾರದ ಹೊತ್ತಿಗೆ ಅದು ಅಂಗೈಯಗಲ, ಅದರ ಕೆಳಗೆ ಪಾಚಿಗಿಂತ ಗಾಢವಾದ ಹಸಿರು ಪಟ್ಟಿ. ಇಷ್ಟು ಚೊಕ್ಕಟವಾದ ಪದರ ಬೇರೆಯವರ ಜಾಡಿಯಲ್ಲಿ ನಾನಂತೂ ಇನ್ನೂ ನೋಡಿಲ್ಲ.

ಮಕ್ಕಳಿಗೆ ಈಗ ಹೇಳುವುದು ಎಷ್ಟು ಸುಲಭ! ತಳದಲ್ಲಿ ಪೇಪರು ತಿನ್ನುವವು. ಅವು ಬಿಟ್ಟ ಆಮ್ಲ ತಿಂದು, ಜಿಪ್ಸಂನಲ್ಲಿರುವ ಗಂಧಕದಿಂದ ಕೊಳೆತ ಮೊಟ್ಟೆ ವಾಸನೆಯ ಸಲ್ಫೈಡ್ ಮಾಡುವವು ಇನ್ನೊಂದು ಗುಂಪು. ಆ ಸಲ್ಫೈಡೇ ನೇರಳೆಯವಕ್ಕೂ ಹಸಿರಿನವಕ್ಕೂ ಬೇಕು. ಒಬ್ಬರ ಎಂಜಲು ಇನ್ನೊಬ್ಬರ ಊಟ. ತೀರ ಮೇಲಿನ ನೀಲಿ-ಹಸಿರು ಬ್ಯಾಕ್ಟೀರಿಯಾಗಳು ಮಾತ್ರ ನೀರನ್ನು ಒಡೆದು ಆಮ್ಲಜನಕ ಬಿಡುತ್ತವೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ಸೇರತೊಡಗಿದ್ದು ಇವುಗಳ ಪೂರ್ವಜರಿಂದಲೇ. ಜಾಡಿ ಮುಂದಿಟ್ಟು ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಒಂದು ಜಾಡಿಗೆ ಕಬ್ಬಿಣದ ಮೊಳೆಗಳನ್ನು ಚುಚ್ಚಿದೆ. ಸಲ್ಫೈಡೆಲ್ಲ ಕಬ್ಬಿಣಕ್ಕೆ ಅಂಟಿ ಮೊಳೆಯ ಸುತ್ತ ಕಡುಕಪ್ಪು, ನೇರಳೆ ಬಹಳ ತಡವಾಗಿ ಬಂತು. ಇನ್ನೊಂದಕ್ಕೆ ಎರಡು ಬೆರಳಗಲದ ಕಪ್ಪು ಕಾಗದ ಸುತ್ತಿದೆ. ಐದಾರು ವಾರ ಬಿಟ್ಟು ಬಿಚ್ಚಿದರೆ, ಕಾಗದವಿದ್ದಷ್ಟು ಜಾಗ ಬರೀ ಕೆಸರು, ಮೇಲೂ ಕೆಳಗೂ ಬಣ್ಣ, ಅಂಚು ಸ್ಕೇಲಿನಲ್ಲಿ ಎಳೆದಷ್ಟು ನೇರ. ಮೈಕ್ರೋಸ್ಕೋಪ್ ತಗೊಳ್ಳಿ ಅಂದಿದ್ದವರು ಆ ಜಾಡಿಯನ್ನು ಎರಡು ದಿನ ತಮ್ಮ ತರಗತಿಗೆ ಒಯ್ದಿದ್ದರು.