ಹೊರಬಾಗಿಲು ಮೊದಲು: ಹೊಸ ಆ್ಯಪ್, ಗ್ಯಾಜೆಟ್ ಪರೀಕ್ಷಿಸಿ ಹೇಳುವ ನನ್ನ ಕ್ರಮ

ತಿಂಗಳಿಗೊಂದು ಪುಟ, ಪುಟಕ್ಕೆ ಹೆಚ್ಚೆಂದರೆ ಮೂರು ಶಿಫಾರಸು. ಪುಣೆಯ ಕೋಥ್ರೂಡ್, ಸಿಂಹಗಡ ರಸ್ತೆ, ಪಿಂಪ್ರಿ ಕಡೆಯ ಕನ್ನಡಿಗರ ಮನೆಗಳಿಗೆ ಇದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇನೆ. ಮುಂಬೈಗೂ ಒಂದಷ್ಟು ಹೋಗುತ್ತದೆ. ಶುರು ಮಾಡಿದಾಗ ವಿಜಯಪುರ ಕಡೆಯ ಹಿರಿಯರೊಬ್ಬರು, "ಏನ್ರೀ, ಮೂರ ಸಾಮಾನು ಹೇಳಾಕ ನಿಮಗ ತಿಂಗಳ ಬೇಕೇನ್ರಿ? ಯೂಟ್ಯೂಬಿನ್ಯಾಗ ದಿನಾ ಹತ್ತು ಹೇಳತಾರ" ಅಂದಿದ್ದರು. ಇದೇ ಕೆಲಸ ಮಾಡುವ ಗೆಳೆಯರೂ ಇದು ನಡೆಯುವುದಿಲ್ಲ ಅಂದರು. ಈಗ ಎರಡು ವರ್ಷ ಆಗುತ್ತಾ ಬಂತು. ಸುಮಾರು 240 ಆ್ಯಪ್, ಜಾಲತಾಣ, ಉಪಕರಣ ನೋಡಿ 41ನ್ನು ಮಾತ್ರ ಹೇಳಿದ್ದೇನೆ. ಆ 41ರ ಬಗ್ಗೆ "ದುಡ್ಡು ಹೋಯಿತು" ಎಂಬ ದೂರು ಬಂದದ್ದು ಎರಡೇ ಸಲ. ಆ ಹಿರಿಯರು ಈಗ ಹಿಯರಿಂಗ್ ಏಡ್‌ನ ಚಾರ್ಜರ್ ಕೊಳ್ಳುವ ಮೊದಲೂ ನನಗೆ ಫೋನ್ ಮಾಡುತ್ತಾರೆ.

ನನ್ನ ಕ್ರಮ ಇಷ್ಟೇ. ಯಾವುದೇ ಸೇವೆ ಎಷ್ಟು ಚೆನ್ನಾಗಿದೆ ಎಂದು ಮೊದಲು ನೋಡುವುದಿಲ್ಲ, ಅದರಿಂದ ಬಿಡಿಸಿಕೊಳ್ಳಲು ಆಗುತ್ತದೆಯೇ, ಅಂದರೆ ಹೊರಗೆ ಬರುವ ‘ಹೊರಬಾಗಿಲು’ ಇದೆಯೇ ಎಂದು ನೋಡುತ್ತೇನೆ. ಒಂದನೇ ದಿನ ಖಾತೆ ತೆರೆದು ಹಣ ಕಟ್ಟುತ್ತೇನೆ. ಎರಡನೇ ದಿನವೇ ಚಂದಾ ರದ್ದು ಮಾಡುತ್ತೇನೆ, ನನ್ನ ಮಾಹಿತಿ ಹೊರತೆಗೆಯುತ್ತೇನೆ, ಖಾತೆ ಅಳಿಸುತ್ತೇನೆ. ಮೂರೂ ಆದರೆ ಮಾತ್ರ ಮತ್ತೆ ಹೊಸದಾಗಿ ಸೇರಿ ಮೂರು ವಾರ ಬಳಸುತ್ತೇನೆ. ಹೀಗೆ ಶಿಫಾರಸು ಬರೆಯುವ ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ಮೂರು ವಾರ ಬಳಸಿ ಕೈ ಒಗ್ಗಿದ ಮೇಲೆ ಬಿಡುವ ದಾರಿ ಹುಡುಕುವ ತಾಳ್ಮೆ ಯಾರಿಗೂ ಉಳಿದಿರುವುದಿಲ್ಲ, ಹಾಗೇ ಶಿಫಾರಸು ಬರೆದುಬಿಡುತ್ತೇವೆ.

ಇದಕ್ಕೆ ಬೇಕಾದದ್ದು: ಸಾವಿರ ರೂಪಾಯಿ ಮೀರದ ಬೇರೆಯೇ ಒಂದು ಉಳಿತಾಯ ಖಾತೆ, ಅದಕ್ಕೆ ಕಟ್ಟಿದ ಯುಪಿಐ ಐಡಿ, ಹಳೆ ಫೋನಿನಲ್ಲಿ ಎರಡನೇ ಸಿಮ್. ಇಮೇಲ್‌ಗೆ ಹೊಸ ವಿಳಾಸ ಬೇಡ. ಜಿಮೇಲ್‌ನಲ್ಲಿ ಹೆಸರಾದ ಮೇಲೆ ಪ್ಲಸ್ ಗುರುತು ಹಾಕಿ ಸೇವೆಯ ಹೆಸರು ಸೇರಿಸಿದರೂ ಟಪಾಲು ನಿಮಗೇ ಬರುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಆದರೆ ನಮ್ಮ ದೇಶದ ಎಷ್ಟೋ ಫಾರಂಗಳು ಪ್ಲಸ್ ಗುರುತನ್ನು ಒಪ್ಪುವುದಿಲ್ಲ. ಚುಕ್ಕಿಯನ್ನು ಒಪ್ಪುತ್ತವೆ. ಜಿಮೇಲ್ ಚುಕ್ಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಒಂದೊಂದು ಸೇವೆಗೆ ಒಂದೊಂದು ಜಾಗದಲ್ಲಿ ಚುಕ್ಕಿ ಇಟ್ಟು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಎರಡು ತಿಂಗಳ ನಂತರ ಸಾಲದ ಜಾಹೀರಾತು ಯಾವ ಚುಕ್ಕಿಯ ವಿಳಾಸಕ್ಕೆ ಬಂತು ಎಂದು ನೋಡಿದರೆ ವಿಳಾಸ ಮಾರಿದವರು ಯಾರೆಂದು ಗೊತ್ತಾಗುತ್ತದೆ. ಹೀಗೆ ಮೂರು ಸಿಕ್ಕಿವೆ. ಮೂರನ್ನೂ ಕೈಬಿಟ್ಟೆ.

ದುಡ್ಡು ಹೋದದ್ದು ಹೆಚ್ಚಾಗಿ ಆಟೋಪೇಯಲ್ಲಿ, ಅಂದರೆ ಚಂದಾ ಹಣ ತಾನಾಗಿಯೇ ಕಡಿತವಾಗುವ ವ್ಯವಸ್ಥೆಯಲ್ಲಿ. ಮೊದಲ ವರ್ಷ ಎರಡು ರೂಪಾಯಿಯ ಟ್ರಯಲ್ ಎಂದು ಸೇರಿದ ಫೋಟೊ ತಿದ್ದುವ ಒಂದು ಆ್ಯಪ್ ಎರಡು ತಿಂಗಳಲ್ಲಿ ಸಾವಿರದ ಇನ್ನೂರರಷ್ಟು ಎಳೆದುಕೊಂಡಿತು. ಆ್ಯಪ್ ಒಳಗೆ ‘ಕ್ಯಾನ್ಸಲ್’ ಒತ್ತಿದ್ದೆ, ಆ್ಯಪನ್ನೂ ತೆಗೆದುಹಾಕಿದ್ದೆ. ಆದರೆ ಬ್ಯಾಂಕಿನ ಕಡೆಯ ಮ್ಯಾಂಡೇಟ್, ಅಂದರೆ ಹಣ ಎಳೆಯಲು ಕೊಟ್ಟ ಒಪ್ಪಿಗೆ, ಜೀವಂತವಾಗಿಯೇ ಇತ್ತು. ಆ್ಯಪ್‌ನಲ್ಲಿ ರದ್ದಾಗುವುದು ಬೇರೆ, ಮ್ಯಾಂಡೇಟ್ ರದ್ದಾಗುವುದು ಬೇರೆ. ಈಗ ರದ್ದು ಮಾಡಿದ ಕೂಡಲೇ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿ ತೆರೆದು ನೋಡುತ್ತೇನೆ. ಅಲ್ಲಿ ಇನ್ನೂ ‘ಆ್ಯಕ್ಟಿವ್’ ಎಂದೇ ಇದ್ದರೆ ಆ ಸೇವೆ ಎಷ್ಟೇ ಒಳ್ಳೆಯದಾಗಿರಲಿ ನನ್ನ ಪುಟಕ್ಕೆ ಬರುವುದಿಲ್ಲ. ಟ್ರಯಲ್ ಕೊಡುವವುಗಳಲ್ಲಿ ಮೂರರಲ್ಲೊಂದು ಇಲ್ಲೇ ಬಿದ್ದುಹೋಗುತ್ತದೆ. ಹಣ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಬರುತ್ತದೆ ಕೂಡ, ಆದರೆ ಇಪ್ಪತ್ತು ಜಾಹೀರಾತು ಎಸ್‌ಎಂಎಸ್ ನಡುವೆ. ಎರಡನೇ ಸಿಮ್ ಇಟ್ಟಿರುವುದು ಅದಕ್ಕೇ: ಅದಕ್ಕೆ ಬೇರೆ ಸಂದೇಶ ಬರುವುದಿಲ್ಲ, ಇದು ಕಣ್ಣಿಗೆ ಬೀಳುತ್ತದೆ.

ಖಾತೆ ಅಳಿಸುವ ವಿಚಾರದಲ್ಲಿ ಒಂದು ಮಾತು. ಖಾತೆ ತೆರೆಯಲು ಬಿಡುವ ಆ್ಯಪ್, ಅಳಿಸುವ ದಾರಿಯನ್ನೂ ಆ್ಯಪ್ ಒಳಗೂ ಹೊರಗೆ ಜಾಲತಾಣದಲ್ಲೂ ಕೊಡಬೇಕೆಂದು ಪ್ಲೇ ಸ್ಟೋರ್‌ನ ನಿಯಮ. ‘ಡೇಟಾ ಸೇಫ್ಟಿ’ ಭಾಗದ ಕೊಂಡಿ ಒತ್ತಿ ನೋಡಿ. ಕೊಂಡಿ ಕೆಲಸ ಮಾಡದಿದ್ದರೆ ಅಥವಾ ‘ಇಮೇಲ್ ಮಾಡಿ’ ಎಂದಷ್ಟೇ ಇದ್ದರೆ ಇಮೇಲ್ ಕಳಿಸಿ ಏಳು ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ ಮುಗಿಯಿತು.

ನನ್ನ ಕ್ರಮದಲ್ಲಿ ಬೇರೆಯವರು ಮಾಡದ್ದು ಒಂದಿದ್ದರೆ ಅದು ಕನ್ನಡದ ಪರೀಕ್ಷೆ. ಟಿಪ್ಪಣಿ, ಲೆಕ್ಕ, ಬಿಲ್, ಫೋಟೊ ಆಲ್ಬಮ್, ಯಾವುದೇ ಸೇವೆ ಇರಲಿ, ಅದರೊಳಗೆ ಈ ಒಂದು ಸಾಲು ಬರೆಯುತ್ತೇನೆ: ‘ಸ್ತ್ರೀಯರ ರಾಷ್ಟ್ರೀಯ ಸಾಫ್ಟ್‌ವೇರ್ ಕಾರ್ಯಕ್ರಮ, ಕೊಲ್ಹಾಪುರ, 12 ಅರ್ಜಿ’. ಮೂರು ವ್ಯಂಜನದ ಒತ್ತು, ಅರ್ಕಾವತ್ತು, ‘ಫ್ಟ್’ಗೆ ‘ವೇ’ ಒತ್ತಾಗಿ ಅಂಟದಂತೆ ತಡೆಯುವ, ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ, ‘ಕೊ’ ಎಲ್ಲ ಇದರಲ್ಲಿವೆ. ಪರದೆಯ ಮೇಲೆ ಎಲ್ಲ ಕಡೆ ಚೆನ್ನಾಗಿಯೇ ಕಾಣುತ್ತದೆ. ಪಿಡಿಎಫ್ ಮಾಡಿ ನೋಡಿದಾಗ ಬಣ್ಣ ಬಯಲಾಗುತ್ತದೆ: ‘ಷ್ಟ್ರೀ’ ಒಡೆದು ಷ್, ಟ್, ರೀ ಎಂದು ಸಾಲಾಗಿ ನಿಂತಿರುತ್ತದೆ. ಪಿಡಿಎಫ್ ತಯಾರಿಸುವ ಅವರ ತಂತ್ರಾಂಶಕ್ಕೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ, ಅದು ಅಕ್ಷರಗಳನ್ನು ಬಂದ ಹಾಗೆ ಇಡುತ್ತದೆ. ಆಗ ಬ್ರೌಸರಿನ ಪ್ರಿಂಟ್‌ನಿಂದ ‘ಸೇವ್ ಆ್ಯಸ್ ಪಿಡಿಎಫ್’ ಮಾಡಿದರೆ ಬಹುತೇಕ ಸರಿಯಾಗುತ್ತದೆ.

ಹುಡುಕಾಟ ಇನ್ನೂ ಕಷ್ಟದ್ದು. ‘ಸಾಫ್ಟ್‌ವೇರ್’ ಪದವನ್ನು ಆ ಕಾಣದ ಅಕ್ಷರವಿಲ್ಲದೆ ಬರೆದು ಹುಡುಕಿದರೆ ಅನೇಕ ಆ್ಯಪ್‌ಗಳು ಏನೂ ಇಲ್ಲ ಎನ್ನುತ್ತವೆ. ‘ಕೊ’ ಕೂಡ ಹಾಗೇ. ‘ೊ’ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರಬಹುದು, ‘ೆ’ ಮತ್ತು ‘ೂ’ ಎರಡು ಸೇರಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಆ್ಯಪ್‌ಗೆ ಬೇರೆ ಬೇರೆ. ಸಿಎಸ್‌ವಿ (ಪಟ್ಟಿಯನ್ನು ಬರೀ ಪಠ್ಯವಾಗಿಡುವ ಕಡತ) ಹೊರತೆಗೆದು ಎಕ್ಸೆಲ್‌ನಲ್ಲಿ ಸೀದಾ ತೆರೆದರೆ ಕನ್ನಡದ ಬದಲು ಗೀಚು ಕಾಣುತ್ತದೆ, ಅದಕ್ಕೆ ಆ್ಯಪನ್ನು ಬಯ್ಯಬೇಡಿ. ಡೇಟಾ ಮೆನುವಿನ ಟೆಕ್ಸ್ಟ್ ಆಮದಿನಲ್ಲಿ 65001, ಅಂದರೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿ, ಆರಿಸಿಕೊಂಡರೆ ಅಕ್ಷರ ಸರಿಯಾಗುತ್ತವೆ. ನಾನು ಇದು ಗೊತ್ತಾಗುವ ಮೊದಲು ಎರಡು ಒಳ್ಳೆಯ ಲೆಕ್ಕದ ಆ್ಯಪ್‌ಗಳನ್ನು ತಪ್ಪಾಗಿ ತಿರಸ್ಕರಿಸಿದ್ದೆ, ಆಮೇಲೆ ತಿದ್ದುಪಡಿ ಹಾಕಿದೆ.

ಇದೇ ಹಾದಿಯಲ್ಲಿ ಹಳೆ ಮುದ್ರಣದ ಪುಟಗಳ ಓಸಿಆರ್ (ಪುಟದ ಚಿತ್ರವನ್ನು ಓದಿ ಅಕ್ಷರವಾಗಿಸುವುದು) ಕಡೆಗೂ ಹೋದೆ. ಟೆಸರಾಕ್ಟ್ ಉಚಿತ, 2005ರಿಂದ ಮುಕ್ತ ತಂತ್ರಾಂಶ. ಗೂಗಲ್ ಲೆನ್ಸ್ ಫೋನಿನಲ್ಲೇ ಇದೆ. ಎರಡಕ್ಕೂ ಒಂದೇ ಪುಟ ಕೊಟ್ಟು ಎಣಿಸಿದೆ. ಅಚ್ಚುಮೊಳೆಯ ಹಳೆ ಪುಸ್ತಕದಲ್ಲಿ ನೂರು ಪದಕ್ಕೆ ಟೆಸರಾಕ್ಟ್ 15ರ ಹತ್ತಿರ ತಪ್ಪಿತು, ಲೆನ್ಸ್ ಐದಾರು. ಅನುಸ್ವಾರವನ್ನು ಸೊನ್ನೆ ಎಂದು ಓದುವುದು ಎರಡರಲ್ಲೂ ಇತ್ತು. ಪುಟಕ್ಕೆ ಹಾಕಲು ಇದು ಸಾಲದು, ಆದರೆ ನಾಲ್ಕು ಭಾನುವಾರ ಇದರಲ್ಲೇ ಕಳೆದವು.

ಈಗ ಗ್ಯಾಜೆಟ್. ಪವರ್ ಬ್ಯಾಂಕ್‌ಗೆ ಯುಎಸ್‌ಬಿ ಮೀಟರ್ ಸುಮಾರು 450 ರೂ., ಒಂದೇ ಸಮನೆ ಕರೆಂಟ್ ಎಳೆಯುವ ಲೋಡ್ ರೆಸಿಸ್ಟರ್ 250 ರೂ. ಇವೆರಡಿಲ್ಲದೆ ಪವರ್ ಬ್ಯಾಂಕಿನ ಬಗ್ಗೆ ಮಾತಾಡಬಾರದು. ರೆಸಿಸ್ಟರ್ ಬದಲು ಫೋನನ್ನೇ ಚಾರ್ಜ್ ಮಾಡಿ ಅಳೆದರೆ ಲೆಕ್ಕ ತಪ್ಪುತ್ತದೆ, ಫೋನು ತುಂಬುತ್ತಾ ಬಂದಂತೆ ಕರೆಂಟ್ ಎಳೆಯುವುದನ್ನು ಇಳಿಸುತ್ತದೆ. 5 ವೋಲ್ಟ್, 2 ಆಂಪಿಯರ್‌ನಲ್ಲಿ ಖಾಲಿಯಾಗುವವರೆಗೆ ಓಡಿಸಬೇಕು. ರೆಸಿಸ್ಟರ್ ಕಾದು ಕೆಂಡವಾಗುತ್ತದೆ. ನನ್ನ ಒಂದು ಪ್ಲಾಸ್ಟಿಕ್ ಟ್ರೇ ಕರಗಿತು, ಈಗ ಸ್ಟೀಲ್ ತಟ್ಟೆ ಬೋರಲು ಹಾಕಿ ಅದರ ಮೇಲಿಟ್ಟು ಫ್ಯಾನ್ ಹಾಕುತ್ತೇನೆ. ಪೆಟ್ಟಿಗೆಯ ಮೇಲಿನ 10,000 ಎಂಎಎಚ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಎಂಬುದು 3.7 ವೋಲ್ಟಿನ ಸೆಲ್‌ನ ಲೆಕ್ಕ, ಅಂದರೆ 37 ವಾಟ್-ಅವರ್. 5 ವೋಲ್ಟಿನಲ್ಲಿ, ನಷ್ಟ ಕಳೆದು, 6,000ದಿಂದ 6,400 ಎಂಎಎಚ್ ಬಂದರೆ ಪ್ರಾಮಾಣಿಕ ಮಾಲು. ಮೂರು ತಾಸಿನ ಮೇಲೆ ಓಡಬೇಕು. ನಾನು ನೋಡಿದ ಎಂಟರಲ್ಲಿ ಒಂದು 3,100ಕ್ಕೇ ನಿಂತಿತು. ಅದರ ಪೆಟ್ಟಿಗೆಯ ಮೇಲೆ ‘ರೇಟೆಡ್ ಕೆಪ್ಯಾಸಿಟಿ’ (ನಿಜಕ್ಕೂ ಹೊರಗೆ ಕೊಡುವ ಪ್ರಮಾಣ) ಎಂಬ ಸಣ್ಣಕ್ಷರದ ಸಾಲೇ ಇರಲಿಲ್ಲ. ಕೊಳ್ಳುವ ಮುಂಚೆಯೇ ಆರ್ ಅಕ್ಷರದಿಂದ ಶುರುವಾಗುವ ಎಂಟಂಕಿಯ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಸಂಖ್ಯೆ ಇದೆ ಎಂದು ಬಿಡಬೇಡಿ, ಬ್ರ್ಯಾಂಡ್ ಮತ್ತು ವಸ್ತು ಎರಡೂ ತಾಳೆಯಾಗಬೇಕು. ಒಮ್ಮೆ ಪವರ್ ಬ್ಯಾಂಕಿನ ಮೇಲಿದ್ದ ಸಂಖ್ಯೆ ಬೇರೆ ಯಾರದೋ ಅಡಾಪ್ಟರಿನದಾಗಿತ್ತು.

ಜನರಿಗೆ ಅತಿ ಹೆಚ್ಚು ಉಪಯೋಗವಾದದ್ದು ರೂಟರಿನ ಮಿನಿ ಯುಪಿಎಸ್, ಕರೆಂಟ್ ಹೋದಾಗ ರೂಟರನ್ನು ನಡೆಸುವ ಪುಟ್ಟ ಬ್ಯಾಟರಿ ಪೆಟ್ಟಿಗೆ. ಪುಣೆಯಲ್ಲಿ ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುವುದು ವಾಡಿಕೆ, ಮನೆಯಿಂದ ಕೆಲಸ ಮಾಡುವವರ ದಿನ ಅಲ್ಲಿಗೆ ಹಾಳು. ಮೊದಲು ರೂಟರಿನ ಅಡಾಪ್ಟರ್ ಓದಿ: 12 ವೋಲ್ಟೋ 9 ವೋಲ್ಟೋ, ಎಷ್ಟು ಆಂಪಿಯರ್. ಪಿನ್ ಸಾಮಾನ್ಯವಾಗಿ 5.5 × 2.1 ಮಿ.ಮೀ., ನಡುವೆ ಪ್ಲಸ್. ಆದರೂ ಮಲ್ಟಿಮೀಟರ್ ಹಿಡಿಯದೆ ಚುಚ್ಚಬೇಡಿ. ಪುಣೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಟಪ್ಕೀರ್ ಗಲ್ಲಿಯಲ್ಲಿ 1,100ಕ್ಕೆ ತಂದದ್ದು ಪೆಟ್ಟಿಗೆಯ ಮೇಲೆ 8 ತಾಸು ಎನ್ನುತ್ತಿತ್ತು. ಒಳಗೆ 2,000 ಎಂಎಎಚ್‌ನ ನಾಲ್ಕು ಸೆಲ್, ಅಂದರೆ 30 ವಾಟ್-ಅವರ್ ಕೂಡ ಇಲ್ಲ. ನನ್ನ ರೂಟರ್ 7 ವಾಟ್ ತಿನ್ನುತ್ತದೆ. ಎಂಟು ತಾಸು ಹೇಗೆ ಬಂದೀತು? ಬಂದದ್ದು 3 ತಾಸು 20 ನಿಮಿಷ. ಹೆಚ್ಚಿನ ಗುರುವಾರಗಳಿಗೆ ಅಷ್ಟೇ ಸಾಕಾಗಿದೆ.

ಅದಕ್ಕಿಂತ ಮುಖ್ಯ, ಗೋಡೆಯ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಕ್ಷಣ. ಲ್ಯಾಪ್‌ಟಾಪಿನಲ್ಲಿ ರೂಟರಿಗೆ ನಿರಂತರ ಪಿಂಗ್ (ಉತ್ತರ ಬರುತ್ತಿದೆಯೇ ಎಂದು ಕೇಳುವ ಆಜ್ಞೆ) ಹಾಕಿ ಗೋಡೆಯ ಸ್ವಿಚ್ ಆಫ್ ಮಾಡಿ. ಒಂದೆರಡು ಉತ್ತರ ತಪ್ಪಿದರೆ ಚಿಂತೆಯಿಲ್ಲ. ಪಿಂಗ್ ಪೂರ್ತಿ ನಿಂತು ನಿಮಿಷ ಕಳೆದು ಮತ್ತೆ ಶುರುವಾದರೆ ವೋಲ್ಟೇಜ್ ಕುಸಿದು ರೂಟರ್ ರೀಸ್ಟಾರ್ಟ್ ಆಗಿದೆ ಎಂದರ್ಥ, ಆ ಯುಪಿಎಸ್ ಬೇಡ. ಹೀಗೆ ಹತ್ತು ಸಲ ಮಾಡಿ, ಐದು ಸಲ ಬ್ಯಾಟರಿ ಅರ್ಧಕ್ಕಿಳಿದ ಮೇಲೆ. ತುಂಬಿದ ಬ್ಯಾಟರಿಯಲ್ಲಿ ಪಾಸಾಗಿ ಅರ್ಧದಲ್ಲಿ ಫೇಲಾದವು ಎರಡು.

ಇಷ್ಟಾದರೂ ಬಂದ ಎರಡು ದೂರುಗಳಲ್ಲಿ ಒಂದು ಇದರದೇ. ಯುಪಿಎಸ್ ಸರಿಯಿತ್ತು, ರೂಟರೂ ಉರಿಯುತ್ತಿತ್ತು, ಇಂಟರ್‌ನೆಟ್ ಮಾತ್ರ ಇಲ್ಲ. ಕಟ್ಟಡದ ಟೆರೇಸಿನಲ್ಲಿ ಕೇಬಲ್‌ನವರು ಇಟ್ಟಿದ್ದ ಇಂಟರ್‌ನೆಟ್ ಹಂಚುವ ಸ್ವಿಚ್ ಪೆಟ್ಟಿಗೆಗೇ ಕರೆಂಟ್ ಇರಲಿಲ್ಲ. ಮನೆಯೊಳಗೆ ಫೈಬರ್ ತಂತಿಯೇ ಬಂದಿದ್ದರೆ ಈ ತೊಂದರೆ ಕಡಿಮೆ. ಟೆರೇಸಿನಿಂದ ಲ್ಯಾನ್ ತಂತಿ ಇಳಿದಿದ್ದರೆ ಮೇಲೂ ಒಂದು ಯುಪಿಎಸ್ ಬೇಕು. ಮನೆಗೆ ಬಂದಿರುವುದು ಯಾವ ತಂತಿ ಎಂಬ ಪ್ರಶ್ನೆಯನ್ನು ಈಗ ಶಿಫಾರಸಿನ ಮೊದಲ ಸಾಲಿನಲ್ಲೇ ಕೇಳುತ್ತೇನೆ. ಆ ಕಟ್ಟಡದಲ್ಲಿ ಆರು ಮನೆಯವರು ಸೇರಿ ಟೆರೇಸಿಗೂ ಒಂದು ಹಾಕಿಸಿದರು, ಮನೆಗೆ ಇನ್ನೂರು ರೂಪಾಯಿ ಚಿಲ್ಲರೆ ಬಿತ್ತು.

ಗ್ಯಾಜೆಟ್‌ಗೆ ಹೊರಬಾಗಿಲು ಎಂದರೆ ವಾಪಸಾತಿ. ಆನ್‌ಲೈನಾದರೆ ಪೆಟ್ಟಿಗೆಯ ಲೇಬಲ್‌ನಿಂದ ಹಿಡಿದು ಆನ್ ಮಾಡುವವರೆಗೆ ನಿಲ್ಲಿಸದೆ ಒಂದೇ ವಿಡಿಯೊ ತೆಗೆಯಬೇಕು. ಗಲ್ಲಿಯ ಅಂಗಡಿಯಾದರೆ ಬಿಲ್ಲಿನ ಮೇಲೆ ‘7 ದಿನ ಬದಲಿ’ ಎಂದು ಬರೆಸಿಕೊಳ್ಳಿ. ಟಪ್ಕೀರ್ ಗಲ್ಲಿಯಲ್ಲೂ ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲೂ ಕೇಳಿದರೆ ಬರೆದುಕೊಡುವವರಿದ್ದಾರೆ. ಬರೆಯಲೊಲ್ಲದ ಅಂಗಡಿಯಿಂದ ಪೆನ್ ಡ್ರೈವ್ ಅಂತೂ ತರಬೇಡಿ. 2 ಟೆರಾಬೈಟ್ ಎಂದು 600ಕ್ಕೆ ಸಿಗುವುದನ್ನು ಜಾಗ ಪರೀಕ್ಷಿಸುವ ವಿಂಡೋಸ್ ತಂತ್ರಾಂಶ ಎಚ್2ಟೆಸ್ಟ್‌ಡಬ್ಲ್ಯೂನಲ್ಲಿ ಬರೆದು ಓದಿಸಿದರೆ 32 ಜಿಬಿ ದಾಟಿದ ಮೇಲೆ ಎಲ್ಲ ತಪ್ಪೇ. ಲಿನಕ್ಸಿನವರಿಗೆ ಎಫ್3 ಇದೆ. ಹಳೆ ಫೋನ್ ಕೊಳ್ಳುವುದಾದರೆ *#06# ಒತ್ತಿ ಬಂದ ಐಎಂಇಐಯನ್ನು (ಫೋನಿನ ಗುರುತು ಸಂಖ್ಯೆ) ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಪರೀಕ್ಷಿಸಿ. ಕಪ್ಪುಪಟ್ಟಿಯಲ್ಲಿದ್ದರೆ ದುಡ್ಡು ಕೊಡುವ ಮುಂಚೆಯೇ ಗೊತ್ತಾಗುತ್ತದೆ.

ಹೊಸದನ್ನು ಎಲ್ಲಿ ಹುಡುಕುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಪ್ರಾಡಕ್ಟ್ ಹಂಟ್, ಎಫ್-ಡ್ರಾಯ್ಡ್‌ನ ಹೊಸ ಪಟ್ಟಿ, ಆಲ್ಟರ್ನೇಟಿವ್‌ಟು ಮುಂತಾದ, ಹೊಸ ಆ್ಯಪ್ ಪಟ್ಟಿ ಮಾಡುವ ತಾಣಗಳನ್ನು ನೀವೂ ನೋಡುತ್ತೀರಿ. ಅಂಗಡಿ ತಾಣವಾದರೆ ಹೂಈಸ್‌ನಲ್ಲಿ ಡೊಮೇನ್ ವಯಸ್ಸು, ವೇಬ್ಯಾಕ್ ಮಷೀನ್‌ನಲ್ಲಿ ಹಳೆ ಮುಖ ನೋಡುವುದು ಎರಡು ನಿಮಿಷದ ಕೆಲಸ. ಮೂರು ವಾರದ ಹಿಂದೆ ಹುಟ್ಟಿದ ತಾಣ ಅರ್ಧ ಬೆಲೆಗೆ ಫೋನ್ ಮಾರುತ್ತಿದ್ದರೆ ಮುಂದೆ ನೋಡಬೇಕಾಗಿಲ್ಲ. ದುಡ್ಡು ಕೊಟ್ಟು ಬರೆಸಿದ ವಿಮರ್ಶೆಯನ್ನು ಗುರುತಿಸಲು ನನ್ನದೊಂದು ಉಪಾಯವಿದೆ. ಅದನ್ನು ಬರೆದರೆ ಅವರೂ ಓದುತ್ತಾರೆ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಕನ್ನಡದ್ದಕ್ಕೆ ಇಷ್ಟು ತೊಂದರೆಯಿಲ್ಲ. ಲಕ್ಷಕ್ಕೂ ಹೆಚ್ಚು ಪದಗಳ ಅಲರ್ ಆನ್‌ಲೈನ್ ನಿಘಂಟನ್ನೂ ಪದಕಣಜ ಎಂಬ ನಿಘಂಟು ತಾಣವನ್ನೂ ಮೊದಲ ಪುಟದಲ್ಲೇ ಹೇಳಿದ್ದೆ. ಖಾತೆ ತೆರೆಯದೆ ನೋಡಬಹುದಾದ ತಾಣಕ್ಕೆ ಹೊರಬಾಗಿಲಿನ ಪರೀಕ್ಷೆಯೇ ಬೇಡ.

ಖರ್ಚು ಈತನಕ 34–35 ಸಾವಿರ. ಮಾರಿ, ಹಿಂದಿರುಗಿಸಿ ವಾಪಸು ಬಂದದ್ದು ಹದಿನೆಂಟು ಸಾವಿರದಷ್ಟು. ಕಮಿಷನ್ ಕೊಂಡಿ ಹಾಕುವುದಿಲ್ಲ. ಈ ವರ್ಷ ಓದುಗರೇ ತಿಂಗಳಿಗೆ 20 ರೂ. ಕೊಡತೊಡಗಿದರು, ನೂರೈವತ್ತು ಮನೆಯವರು. ಹೊಸ ಖರೀದಿ ಈಗ ಅದರಲ್ಲೇ ನಡೆಯುತ್ತಿದೆ.

ಆರು ತಿಂಗಳಿಗೊಮ್ಮೆ ಹಳೆ ಶಿಫಾರಸುಗಳನ್ನೆಲ್ಲ ಮತ್ತೆ ನೋಡುತ್ತೇನೆ. ಕಳೆದ ಸಲ ಏಳನ್ನು ತೆಗೆದೆ. ಮೂರು ಮುಚ್ಚಿಹೋಗಿದ್ದವು, ಎರಡು ಉಚಿತದಿಂದ ಚಂದಾಕ್ಕೆ ತಿರುಗಿದ್ದವು, ಎರಡರಲ್ಲಿ ಖಾತೆ ಅಳಿಸುವ ಗುಂಡಿ ಮಾಯವಾಗಿತ್ತು. ತೆಗೆದವುಗಳ ಹೆಸರು ಪುಟದ ಮೇಲ್ತುದಿಯಲ್ಲಿ, ಹೊಸ ಶಿಫಾರಸಿಗಿಂತ ಮೇಲೆ ಹಾಕುತ್ತೇನೆ. ಯುಪಿಎಸ್ 3 ತಾಸು 20 ನಿಮಿಷದಿಂದ 2 ತಾಸು 35ಕ್ಕೆ ಇಳಿದಿದೆ. ಎರಡು ತಾಸಿಗೆ ಬಂದ ದಿನ ಅದರ ಹೆಸರೂ ಆ ಮೇಲ್ತುದಿಗೆ ಹೋಗುತ್ತದೆ.