ಕರೆಂಟ್ ಹೋದರೂ ಗೇಮ್ ನಿಲ್ಲದ ಪವರ್ ಸಪ್ಲೈ: ನನ್ನ ಅನುಭವ

ಕರೆಂಟ್ ಹೋಗಿ ಇನ್ವರ್ಟರಿಗೆ ಬದಲಾಗುವಾಗ ಗೇಮಿನ ನಡುವೆ ನನ್ನ ಪಿಸಿ ರೀಸ್ಟಾರ್ಟ್ ಆಗುತ್ತಿತ್ತು. ಪಿಸಿಯೊಳಗಿನ ಪವರ್ ಸಪ್ಲೈ ಬದಲಿಸು, "750 ವಾಟಿನದು ಹಾಕು, 850 ಹಾಕು" ಅಂದವರೇ ಜಾಸ್ತಿ. ನಾನು 650 ವಾಟಿನದು ಹಾಕಿದೆ. ಈ ಮಳೆಗಾಲ ಶಿವಮೊಗ್ಗದಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬಂತೋ ಲೆಕ್ಕವಿಲ್ಲ. ಆದರೆ ಗೇಮ್ ನಡುವೆ ಪಿಸಿ ರೀಸ್ಟಾರ್ಟ್ ಆಗಲೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ರೈಜನ್ 5 5600ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್, ಜೊತೆಗೆ ಮೊದಲು ಇದ್ದದ್ದು ಹಳೆಯ 550 ವಾಟ್ ಬ್ರಾಂಝ್ ಸಪ್ಲೈ. ಮನೆಗೆ 900 ವಿಎ ಸೈನ್ ವೇವ್ ಇನ್ವರ್ಟರ್ ಇದೆ. ಬ್ರೌಸರ್ ನೋಡುತ್ತಾ ಕೂತಾಗ ಕರೆಂಟ್ ಹೋದರೆ ಏನೂ ಆಗುತ್ತಿರಲಿಲ್ಲ. ಗೇಮ್ ಆಡುವಾಗ ಹೋದರೆ ಮಾತ್ರ ಪಿಸಿ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು.

ಇನ್ವರ್ಟರನ್ನು ಯುಪಿಎಸ್ ಮೋಡಿಗೆ ಹಾಕಿದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬೇಗ ಬದಲಾಗುತ್ತದೆ, ಗೊತ್ತಿರುವ ವಿಷಯ. ಆದರೆ ನಮ್ಮ ಏರಿಯಾದಲ್ಲಿ ಸಂಜೆ ವೋಲ್ಟೇಜ್ 180ರ ಕೆಳಗೆ ಬೀಳುತ್ತದೆ. ಆ ಮೋಡಿನಲ್ಲಿ ಅಷ್ಟಕ್ಕೇ ಬ್ಯಾಟರಿಗೆ ಹೋಗಿಬಿಡುತ್ತದೆ. ನಿಜವಾಗಿ ಕರೆಂಟ್ ಹೋಗುವ ಹೊತ್ತಿಗೆ ಬ್ಯಾಟರಿ ಅರ್ಧ ಖಾಲಿ. ಅಪ್ಪ ಬೇಡವೇ ಬೇಡ ಅಂದರು. ಮನೆಯ ಫ್ಯಾನು, ಲೈಟು ನೋಡಿದರೆ ಅವರ ಮಾತೇ ಸರಿ.

ಗೆಳೆಯನ 600 ವಿಎ ಯುಪಿಎಸ್ ತಂದು ನೋಡಿದೆ. ಅದರ ತಾಕತ್ತು 360 ವಾಟ್. ಗೋಡೆಯ ಪ್ಲಗ್ಗಿಗೆ ಮೀಟರ್ ಹಾಕಿದರೆ ಗೇಮಿನಲ್ಲಿ ಪಿಸಿಯೇ ಸುಮಾರು 340 ಎಳೆಯುತ್ತಿತ್ತು. ಮಾನಿಟರ್ ಸೇರಿದ ಕೂಡಲೇ ಓವರ್‌ಲೋಡ್ ಅಂತ ಕೂಗಲು ಶುರು. ಇದಕ್ಕಿಂತ ದೊಡ್ಡದಕ್ಕೆ ಐದಾರು ಸಾವಿರ, ಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಬ್ಯಾಟರಿ ಖರ್ಚು. ಕೈಬಿಟ್ಟೆ.

ಆಮೇಲೆ ಇನ್ನೊಬ್ಬನ 750 ವಾಟ್ ಸಪ್ಲೈ ತಂದು ಜೋಡಿಸಿದೆ. ಗೇಮ್ ಹಾಕಿ ಮೇನ್ ಆಫ್ ಮಾಡಿದೆ. ಅದೂ ಬಿತ್ತು! ವಾಟ್ ಸಾಲದ್ದೇ ಕಾರಣವಾಗಿದ್ದರೆ ಅದು ಬೀಳಬಾರದಿತ್ತು, ಅಲ್ವಾ? ಎಲ್ಲರ ಸಲಹೆಯನ್ನು ನಾನು ಬದಿಗಿಟ್ಟದ್ದು ಅವತ್ತೇ.

ವಿಷಯ ಇರುವುದು ಹೋಲ್ಡ್ ಅಪ್ ಟೈಮಿನಲ್ಲಿ. ಕರೆಂಟ್ ಹೋದ ಮೇಲೆ ಒಳಗಿನ ದೊಡ್ಡ ಕೆಪಾಸಿಟರ್ ಎಷ್ಟು ಮಿಲಿಸೆಕೆಂಡ್ ಪಿಸಿಯನ್ನು ಆಫ್ ಆಗದಂತೆ ನಡೆಸುತ್ತದೆ ಅನ್ನುವುದು. ಪವರ್ ಸಪ್ಲೈಗಳನ್ನು ಪರೀಕ್ಷಿಸುವ ಸೈಬೆನೆಟಿಕ್ಸ್ ಲ್ಯಾಬಿನ ಟೆಸ್ಟ್ ರಿಪೋರ್ಟುಗಳಲ್ಲಿ ಇದನ್ನು ಅಳೆದು ಹಾಕಿರುತ್ತಾರೆ. ಗೋಲ್ಡ್, ಬ್ರಾಂಝ್ ಬ್ಯಾಡ್ಜ್ ಇದರ ಬಗ್ಗೆ ಏನೂ ಹೇಳುವುದಿಲ್ಲ, ಅದು ಬರೀ ಎಫಿಶಿಯೆನ್ಸಿ ಲೆಕ್ಕ, ಅಂದರೆ ಎಳೆದ ವಿದ್ಯುತ್ತಿನಲ್ಲಿ ಎಷ್ಟು ವ್ಯರ್ಥವಾಗದೆ ಪಿಸಿಗೆ ಸಿಗುತ್ತದೆ ಅನ್ನುವುದು.

ನಾನು ಮಾಡಿದ್ದು ಇಷ್ಟೇ. ರಿಪೋರ್ಟಿನ ಫುಲ್ ಲೋಡಿನ ಮಿಲಿಸೆಕೆಂಡನ್ನು ಸಪ್ಲೈಯ ವಾಟಿನಿಂದ ಗುಣಿಸಿದೆ, ನನ್ನ ಪಿಸಿಯ ನಿಜವಾದ ಲೋಡಿನಿಂದ ಭಾಗಿಸಿದೆ. ಗೋಡೆಯಲ್ಲಿ 340 ಅಂದರೆ, ಸಪ್ಲೈಯ ನಷ್ಟ ಕಳೆದು, ಒಳಗೆ ಹತ್ತಿರ ಹತ್ತಿರ 300. ಹಳೆಯ 550ಕ್ಕೆ 14 ಮಿಲಿಸೆಕೆಂಡ್ ಇತ್ತು, ನನ್ನ ಲೋಡಿಗೆ ಸುಮಾರು 26 ಆಯಿತು. ಆ 750ಕ್ಕೆ ಹನ್ನೊಂದೋ ಏನೋ, 27ರ ಆಸುಪಾಸು. ನಮ್ಮ ಇನ್ವರ್ಟರ್ ಬದಲಾಗಲು ಮೂವತ್ತು ಮಿಲಿಸೆಕೆಂಡಿಗೂ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತದೆ. ಎರಡೂ ಬಿದ್ದದ್ದು ಯಾಕೆ ಅಂತ ಅಲ್ಲೇ ಗೊತ್ತಾಯಿತು. ಬ್ರೌಸರಿನಲ್ಲಿ ಲೋಡ್ 60-70 ವಾಟ್ ಅಷ್ಟೇ, ಹಾಗಾಗಿ ಆಗ ಪಿಸಿ ಉಳಿಯುತ್ತಿತ್ತು.

ಇನ್ವರ್ಟರಿನ ಆ ಸಮಯ ಅಳೆಯಲು ಫೋನಿನ ಸ್ಲೋ ಮೋಷನ್ ಮತ್ತು ಒಂದು ಹಳೆಯ ನಿಯಾನ್ ಇಂಡಿಕೇಟರ್ ಸಾಕಾಯಿತು. ಜೋಡಿಸಿದ ಬಗೆ ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಪ್ರಯೋಗ. ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರಿನಲ್ಲಿ 3070ಯನ್ನು ಅಂಡರ್‌ವೋಲ್ಟ್ ಮಾಡಿ, ಅಂದರೆ ಅದರ ವೋಲ್ಟೇಜ್ ತಗ್ಗಿಸಿ, 220 ವಾಟಿನಿಂದ 165ರ ಹತ್ತಿರಕ್ಕೆ ಇಳಿಸಿದೆ. ಐದಾರು ಎಫ್‌ಪಿಎಸ್ ಹೋಯಿತು, ಕಾರ್ಡ್ ತಣ್ಣಗಾಯಿತು. ಹಳೆಯ ಸಪ್ಲೈಯೇ ಒಮ್ಮೊಮ್ಮೆ ತಡೆದುಕೊಳ್ಳತೊಡಗಿತು, ಒಮ್ಮೊಮ್ಮೆ ಬೀಳುತ್ತಿತ್ತು. ಲೆಕ್ಕ ಹಾಕಿದರೆ 31ರ ಆಸುಪಾಸು ಬರುತ್ತದೆ, ಅಂಚಿನಲ್ಲೇ ಇದೆ. ಲೆಕ್ಕ ಸರಿಯಿದೆ ಅಂತ ನನಗೆ ಪೂರ್ತಿ ನಂಬಿಕೆ ಬಂತು.

ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. "ಹೋಲ್ಡ್ ಅಪ್ ಟೈಮ್ ಯಾರು ಕೇಳ್ತಾರೆ ಸಾರ್, 750 ತಗೊಳ್ಳಿ" ಅಂದರು ಅಂಗಡಿಯವರು. ನನ್ನ ಚೀಟಿಯಲ್ಲಿ ಮೂರು ಮಾಡೆಲ್ ಬರೆದುಕೊಂಡಿದ್ದೆ. 650 ವಾಟ್ ಗೋಲ್ಡ್, ಫುಲ್ ಲೋಡಿನಲ್ಲಿ 21 ಮಿಲಿಸೆಕೆಂಡಿನದು ಸಿಕ್ಕಿತು. ನನ್ನ ಲೋಡಿಗೆ 45 ಬರುತ್ತದೆ. ಲೇಬಲ್ಲಿನಲ್ಲಿ 100-240 ವೋಲ್ಟ್ ಅಂತ ಇರುವುದನ್ನೂ ನೋಡಿಕೊಂಡೆ, 200-240ರದ್ದು ನಮ್ಮ ಸಂಜೆಯ ವೋಲ್ಟೇಜಿಗೆ ಆಗುವುದಿಲ್ಲ. 8,200 ಹೇಳಿದರು, 7,600ಕ್ಕೆ ಬಂತು. ಮಾಡೆಲ್ ಹೆಸರು ಹಾಕುತ್ತಿಲ್ಲ. ಅದೇ ಹೆಸರಿನಲ್ಲಿ ಒಳಗಿನ ಬೋರ್ಡ್ ಬದಲಾಗುವುದುಂಟು, ನೀವು ಕೊಳ್ಳುವ ರಿವಿಷನ್ನಿನ ರಿಪೋರ್ಟನ್ನೇ ನೋಡಬೇಕು.

ಜೋಡಿಸುವಾಗ ಹಳೆಯ ಮಾಡ್ಯುಲರ್ (ಸಪ್ಲೈಯಿಂದ ಬಿಚ್ಚಬಹುದಾದ) ಕೇಬಲ್ ಒಂದನ್ನೂ ಉಳಿಸದೆ ತೆಗೆದುಹಾಕಿದೆ. ಸಪ್ಲೈ ಕಡೆಯ ಪಿನ್ ಎಲ್ಲ ಕಂಪನಿಗೂ ಒಂದೇ ಅಲ್ಲ, ಎಸ್‌ಎಸ್‌ಡಿ ಸುಟ್ಟುಹೋಗಬಹುದು. ಕ್ಯಾಬಿನೆಟ್ ಮುಟ್ಟಿದರೆ ಮೊದಲಿನ ಹಾಗೇ ಜುಮ್ ಅನ್ನುತ್ತಿತ್ತು. ಸಪ್ಲೈ ದೋಷ ಅಂತ ವಾಪಸ್ ಕೊಡಲು ಹೋಗಬೇಡಿ. ನಮ್ಮಲ್ಲಿ ಸಾಕೆಟ್ಟಿನ ಅರ್ತ್ ಪಿನ್ನಿಗೆ ವೈರೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಎಳೆದು ಕೊಟ್ಟರು, ಸುಮಾರು 800 ರೂಪಾಯಿ. ಜುಮ್ ನಿಂತಿತು.

ಅದೇ ಗೇಮ್ ಹಾಕಿ ಮೇನ್ ಆಫ್ ಮಾಡಿ ಆನ್ ಮಾಡಿದೆ, ಮತ್ತೆ ಮತ್ತೆ. ಮಾನಿಟರ್ ಕೂಡ ಮಿಣುಕಲಿಲ್ಲ. ಕಾರ್ಡನ್ನು ಪೂರ್ತಿ 220ಕ್ಕೆ ಬಿಟ್ಟು ನೋಡಿದೆ, ಆಗಲೂ ಪಿಸಿ ಆಫ್ ಆಗಲಿಲ್ಲ. 750 ಕೊಟ್ಟ ಗೆಳೆಯ ಬಂದು ತಾನೇ ಸ್ವಿಚ್ ಒತ್ತಿ ನೋಡಿದ, ಈಗ ತನ್ನದರ ರಿಪೋರ್ಟ್ ಹುಡುಕುತ್ತಿದ್ದಾನೆ. ಹಳೆಯ 550ಯನ್ನು ಇನ್ವರ್ಟರ್ ಇಲ್ಲದ ಮನೆಯ ಹುಡುಗನಿಗೆ ಎಲ್ಲ ಹೇಳಿಯೇ 1,500ಕ್ಕೆ ಕೊಟ್ಟೆ. ಅರ್ತ್ ಖರ್ಚು ಸೇರಿಸಿದರೂ ಕೈಯಿಂದ ಹೋದದ್ದು ಏಳು ಸಾವಿರದ ಒಳಗೆ.