ಟೆಕ್ಸಸ್ ಬ್ಲೂಬಾನೆಟ್ ಹೂವಲ್ಲಿ ಮನೆಮಂದಿಯ ಫೋಟೋ: ಅಪ್ಪ ಅಮ್ಮ ಬಂದಿರೋ ವರ್ಷ ಹೀಗೆ ಪ್ಲಾನ್ ಮಾಡಿ

ಮಾರ್ಚ್ ಬಂತು ಅಂದ್ರೆ ಆಸ್ಟಿನ್ ಕಡೆ ಇರೋ ನಮ್ಮ ಕನ್ನಡದವ್ರ ವಾಟ್ಸಾಪ್ ಗ್ರೂಪಲ್ಲಿ ಎರಡು ಪ್ರಶ್ನೆ ತಪ್ಪದೇ ಬರತ್ತೆ, ಯುಗಾದಿಗೆ ಬೇವಿನ ಹೂವು ಯಾವ ಅಂಗಡೀಲಿ ಬಂದಿದೆ ಅಂತ ಒಂದು, ಬ್ಲೂಬಾನೆಟ್ ಎಲ್ಲಿ ಅರಳಿದೆ ಅಂತ ಇನ್ನೊಂದು. ಎರಡನೇದನ್ನ ಕೇಳೋರು ಹೆಚ್ಚಾಗಿ ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬಂದಿರೋ ಮನೆಯವ್ರು. ನಾಲ್ಕೈದು ತಿಂಗಳು ಇದ್ದು ಹೋಗೋಕೆ ಬಂದಿರ್ತಾರೆ, ಮೂರು ತಲೆಮಾರು ಒಟ್ಟಿಗೆ ನಿಂತು ಫೋಟೋ ತೆಗೆಸ್ಕೊಳೋಕೆ ಇದೊಂದು ವಸಂತ ಸಿಕ್ಕಿರತ್ತೆ, ಮುಂದಿನ ಸಲ ಬರೋಷ್ಟರಲ್ಲಿ ಅವರ ಮಂಡಿ ಹೇಗಿರತ್ತೋ, ಅಷ್ಟು ಹೊತ್ತು ವಿಮಾನದಲ್ಲಿ ಕೂರೋಕಾಗತ್ತೋ ಯಾರಿಗೆ ಗೊತ್ತು. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳೋದು ಇಷ್ಟೇ, ಈ ಪ್ಲಾನ್ ಮಾಡೋವಾಗ ಮೊದಲು ಮನೇಲಿ ಎಲ್ಲರಿಗಿಂತ ದೊಡ್ಡವರನ್ನೂ ಎಲ್ಲರಿಗಿಂತ ಚಿಕ್ಕವರನ್ನೂ ಮನಸ್ಸಲ್ಲಿಟ್ಕೊಳಿ, ಆಮೇಲೆ ಹೂವು, ಕ್ಯಾಮೆರಾ ಕೊನೆಗೆ.

ಈ ಹೂವು ನೋಡದೇ ಇರೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಬ್ಲೂಬಾನೆಟ್ ಅಂದ್ರೆ ಒಂದಡಿ ಎತ್ತರದ ಗಿಡ, ನಮ್ಮ ತೊಗರಿ, ಅವರೆ, ಹುರುಳಿ ಎಲ್ಲ ಸೇರೋ ಕುಟುಂಬಕ್ಕೇ ಸೇರಿದ್ದು, ಹತ್ತಿರ ಹೋಗಿ ನೋಡಿದ್ರೆ ಒಂದೊಂದು ಹೂವೂ ಅವರೆ ಹೂವಿನ ಥರಾನೇ ಕಾಣತ್ತೆ, ನಮ್ಮಮ್ಮ ಮೊದಲ ಸಲ ನೋಡಿದಾಗ ಅದನ್ನೇ ಹೇಳಿದ್ದು. ನೀಲಿ ತೆನೆ, ತುದೀಲಿ ಬಿಳಿ. 1901ರಲ್ಲೇ ಇದನ್ನ ಟೆಕ್ಸಸ್ ರಾಜ್ಯದ ಹೂವು ಅಂತ ಮಾಡಿದ್ರು, ಆಗ ಒಂದೇ ಜಾತಿಯನ್ನ ಹೆಸರಿಸಿದ್ರು, 1971ರಲ್ಲಿ ಕಾನೂನು ತಿದ್ದಿ ಇಲ್ಲಿ ಬೆಳೆಯೋ ಎಲ್ಲಾ ಜಾತಿ ಬ್ಲೂಬಾನೆಟ್ಟನ್ನೂ ಸೇರಿಸಿದ್ರು. ಮಕ್ಕಳನ್ನ ಹೂವಲ್ಲಿ ಕೂರಿಸಿ ಪ್ರತಿ ವರ್ಷ ಫೋಟೋ ತೆಗೆಸೋದು ಇಲ್ಲಿನ ಮನೆಗಳಲ್ಲಿ ಒಂದು ಪದ್ಧತಿ.

ಮೊದಲ ಹೆಜ್ಜೆ ದಿನ ಗೊತ್ತು ಮಾಡೋದು

ಆಸ್ಟಿನ್, ಸ್ಯಾನ್ ಆಂಟೋನಿಯೋ ಕಡೆ ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಹೂವು ತುಂಬಿರತ್ತೆ. ಉತ್ತರಕ್ಕೆ ಹೋದಷ್ಟೂ ತಡ, ಡಲ್ಲಾಸ್ ಹತ್ರ ಎನಿಸ್ ಅನ್ನೋ ಊರಲ್ಲಿ ಏಪ್ರಿಲ್ ಮಧ್ಯ ದಾಟಿದ ಮೇಲೂ ಚೆನ್ನಾಗಿರತ್ತೆ. ಆದ್ರೆ ವರ್ಷದಿಂದ ವರ್ಷಕ್ಕೆ ಒಂದೇ ಥರ ಇರಲ್ಲ, ಯಾಕಂದ್ರೆ ಇದರ ಬೀಜ ಮೊಳಕೆ ಒಡೆಯೋದು ಹಿಂದಿನ ವರ್ಷದ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಮಳೆಗೆ, ಚಳಿಗಾಲ ಪೂರ್ತಿ ಗಿಡ ನೆಲಕ್ಕಂಟ್ಕೊಂಡು ಬೇರು ಬಿಟ್ಕೊಂಡಿರತ್ತೆ, ಬಿಸಿಲು ಏರಿದ ಮೇಲೆ ತೆನೆ ಬರತ್ತೆ. ಶರತ್ಕಾಲದಲ್ಲಿ ಮಳೆ ಕೈಕೊಟ್ರೆ ಮಾರ್ಚಲ್ಲಿ ಎಷ್ಟೇ ಮಳೆ ಬಂದ್ರೂ ರಸ್ತೆ ಬದಿ ಬರೀ ಹುಲ್ಲು.

ಹಾಗಾಗಿ ಹಬ್ಬದ ದಿನಾನೇ ಫೋಟೋನೂ ಆಗ್ಬಿಡ್ಲಿ ಅಂತ ಹಠ ಹಿಡೀಬೇಡಿ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19, ಹೂವು ಪಂಚಾಂಗ ನೋಡ್ಕೊಂಡು ಅರಳಲ್ಲ. ಹಬ್ಬದ ಸೀರೆ ಮಡಿಚಿ ಇಟ್ಕೊಳಿ, ಹೂವು ಬಂದ ದಿನ ಮತ್ತೆ ಉಟ್ರಾಯ್ತು. ನಾನು ಮಾಡೋದೇನಂದ್ರೆ ಹತ್ತು ದಿನ ಅಂತರದಲ್ಲಿ ಎರಡು ದಿನ ಗುರುತು ಹಾಕ್ಕೊತೀನಿ, ಎರಡೂ ವಾರದ ಮಧ್ಯದ ಸಂಜೆ. ಶನಿವಾರ ಭಾನುವಾರ ಸಂಜೆ ಒಳ್ಳೆ ಜಾಗದಲ್ಲೆಲ್ಲ ಜನ ತುಂಬಿರ್ತಾರೆ, ನಿಮ್ಮ ಫೋಟೋದ ಹಿಂದೆ ಬೇರೆ ನಾಲ್ಕು ಸಂಸಾರ ಕಾಣತ್ತೆ.

ಫೋಟೋಗ್ರಾಫರ್ ಕರೆಸೋದಾದ್ರೆ ಫೆಬ್ರವರಿಯಲ್ಲೇ ಮಾತಾಡಿ. ಇಲ್ಲಿ ಮಿನಿ ಸೆಷನ್ ಅಂತ ಹದಿನೈದು ಇಪ್ಪತ್ತು ನಿಮಿಷದ್ದು ಮಾಡ್ತಾರೆ, ಬರೀ ಗಂಡ ಹೆಂಡ್ತಿ ಒಂದು ಮಗು ಇದ್ರೆ ಅದು ಸಾಕು, ಆದ್ರೆ ತಾತ ಅಜ್ಜಿ ಇದ್ದಾಗ ಸಾಲಲ್ಲ, ಕಾರಿಂದ ಇಳಿದು ಬಂದು ಉಸಿರು ಸುಧಾರಿಸ್ಕೊಳೋಕೇ ಹತ್ತು ನಿಮಿಷ ಬೇಕು. ಪೂರಾ ಒಂದು ಗಂಟೆ ಕೇಳಿ. ಹೂವು ಬರದೇ ಇದ್ರೆ ಅಥವಾ ಮಳೆ ಬಂದ್ರೆ ದಿನ ಬದಲಾಯಿಸ್ತಾರಾ ಅಂತ ದುಡ್ಡು ಕಟ್ಟೋಕೆ ಮುಂಚೆ ಕೇಳ್ಕೊಳಿ.

ಜಾಗ, ಇದರಲ್ಲೇ ಅರ್ಧ ಕೆಲಸ

ಹೈವೇ ಪಕ್ಕ ಕಾಣೋ ಹೂವು ಕಣ್ಣು ಸೆಳೆಯತ್ತೆ. ಟೆಕ್ಸಸ್ ಸಾರಿಗೆ ಇಲಾಖೆ ವರ್ಷಕ್ಕೆ ಸುಮಾರು 30,000 ಪೌಂಡ್, ಅಂದ್ರೆ 13 ಟನ್ನಿಗೂ ಜಾಸ್ತಿ ಕಾಡುಹೂವಿನ ಬೀಜ ರಸ್ತೆ ಬದಿ ಬಿತ್ತತ್ತೆ, ಅದಕ್ಕೇ ಅಲ್ಲಿ ಅಷ್ಟೊಂದು ಹೂವು. ಆದ್ರೆ ಮಕ್ಕಳು, ವಯಸ್ಸಾದವ್ರು ಜೊತೆಗಿದ್ದಾಗ ಹೈವೇ ಪಕ್ಕ ದಯವಿಟ್ಟು ನಿಲ್ಲಿಸ್ಬೇಡಿ. ನಾವು ಒಂದು ವರ್ಷ ನಿಲ್ಲಿಸಿದ್ವಿ. ಟ್ರಕ್ ಒಂದೊಂದು ಹೋದಾಗ್ಲೂ ಬೀಸೋ ಗಾಳಿಗೆ ಅತ್ತೆಯವ್ರು ತೂರಾಡಿದ್ರು, ನನ್ನ ಮೂರು ವರ್ಷದ ಮಗಳು ಕೈ ಬಿಡಿಸ್ಕೊಂಡು ರಸ್ತೆ ಕಡೆಗೇ ಓಡಿದ್ಲು, ನಮ್ಮನೆಯವ್ರು ಹಿಡ್ಕೊಂಡ್ರು. ಆವತ್ತಿನ ಫೋಟೋದಲ್ಲಿ ಯಾರ ಮುಖದಲ್ಲೂ ನಗು ಇಲ್ಲ, ಅದನ್ನ ನೋಡಿದಾಗೆಲ್ಲ ಈಗಲೂ ಎದೆ ಝಲ್ ಅನ್ನತ್ತೆ.

ಪಾರ್ಕಿಂಗ್ ಇರೋ ಜಾಗ ಹುಡುಕಿ. ಆಸ್ಟಿನ್‌ನಿಂದ ಪಶ್ಚಿಮಕ್ಕೆ ಸ್ಪೈಸ್‌ವುಡ್ ಹತ್ರ ಮ್ಯೂಲ್‌ಶೂ ಬೆಂಡ್ ಅಂತ ಕೆರೆ ದಂಡೆ ಪಾರ್ಕ್ ಇದೆ, ಚೆನ್ನಾಗಿ ಬಂದ ವರ್ಷ ನೀರಿನವರೆಗೂ ನೀಲಿ ಹಾಸಿದ ಹಾಗಿರತ್ತೆ. ಹ್ಯೂಸ್ಟನ್ ಕಡೆಯವ್ರಿಗೆ ಬ್ರೆನಮ್ ಸುತ್ತಮುತ್ತ ಹತ್ರ, ಅಲ್ಲೇ ಇಂಡಿಪೆಂಡೆನ್ಸ್ ಅನ್ನೋ ಹಳ್ಳೀಲಿ ಓಲ್ಡ್ ಬೇಲರ್ ಪಾರ್ಕ್, ಹಳೇ ಕಾಲೇಜಿನ ನಾಲ್ಕು ಕಂಬ ಮಾತ್ರ ಉಳ್ಕೊಂಡಿವೆ, ಫೋಟೋಗೆ ಬಹಳ ಚೆಂದ. ಡಲ್ಲಾಸ್‌ನವ್ರಿಗೆ ಎನಿಸ್, ಏಪ್ರಿಲ್ ತಿಂಗಳು ಅಲ್ಲಿ ಬೋರ್ಡ್ ಹಾಕಿರೋ 40 ಮೈಲಿಗೂ ಹೆಚ್ಚಿನ ಹೂವಿನ ದಾರಿ ಇರತ್ತೆ. ಫ್ರೆಡರಿಕ್ಸ್‌ಬರ್ಗ್ ಹತ್ರದ ವಿಲ್ಲೋ ಸಿಟಿ ಲೂಪ್ ಎಲ್ಲರೂ ಹೇಳ್ತಾರೆ, ನಿಜಕ್ಕೂ ಅದ್ಭುತ, ಆದ್ರೆ 13 ಮೈಲಿ ರಸ್ತೆಯ ಎರಡೂ ಕಡೆ ಖಾಸಗಿ ಜಮೀನು, ಕಾರಲ್ಲಿ ಕೂತು ನೋಡ್ಕೊಂಡು ಬರೋಕೆ ಮಾತ್ರ, ಬೇಲಿ ದಾಟಂಗಿಲ್ಲ. ನಡೆಯೋಕೆ ತೀರಾ ಕಷ್ಟ ಇರೋರು ಇದ್ರೆ ಆಸ್ಟಿನ್‌ನ ಲೇಡಿ ಬರ್ಡ್ ಜಾನ್ಸನ್ ವೈಲ್ಡ್‌ಫ್ಲವರ್ ಸೆಂಟರ್‌ಗೆ ಕರ್ಕೊಂಡು ಹೋಗಿ. ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರ ಹೆಂಡ್ತಿ ಲೇಡಿ ಬರ್ಡ್, ನಟಿ ಹೆಲೆನ್ ಹೇಯ್ಸ್ ಜೊತೆ ಸೇರಿ 1982ರಲ್ಲಿ ಶುರು ಮಾಡಿದ್ದು, ಒಳ್ಳೆ ಕಾಲುದಾರಿ, ಬೆಂಚು, ಟಾಯ್ಲೆಟ್ ಎಲ್ಲ ಇದೆ. ಪಾರ್ಕ್ ಯಾವುದೇ ಆಗ್ಲಿ, ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರ್ ಬರ್ತಿದ್ರೆ ಪರ್ಮಿಟ್ ಬೇಕಾ ಅಂತ ಅಲ್ಲಿನ ವೆಬ್‌ಸೈಟ್ ನೋಡ್ಕೊಳಿ. ಸ್ಟೇಟ್ ಪಾರ್ಕ್‌ಗಳಲ್ಲಿ ಹೂವು ಕೀಳೋ ಹಾಗಿಲ್ಲ, ಮಕ್ಕಳಿಗೆ ಮನೇಲೇ ಹೇಳಿ ಹೊರಡಿಸಿ.

ಎರಡು ಮೂರು ದಿನ ಮುಂಚೆ ಮನೆಯಿಂದ ಯಾರಾದ್ರೂ ಒಬ್ರು, ಫೋಟೋ ತೆಗೆಯೋ ಹೊತ್ತಿಗೇ ಹೋಗಿ ಜಾಗ ನೋಡ್ಕೊಂಡು ಬರ್ಬೇಕು, ಇದನ್ನ ಮಾತ್ರ ಬಿಡಬೇಡಿ. ಕಾರಿಂದ ಹೂವಿನವರೆಗೆ ಎಷ್ಟು ಹೆಜ್ಜೆ, ಮಧ್ಯ ಕಲ್ಲು ಗುಂಡಿ ಇದೆಯಾ, ಸೂರ್ಯ ಯಾವ ಕಡೆ ಇಳೀತಾನೆ, ಟಾಯ್ಲೆಟ್ ಎಷ್ಟು ದೂರ. ಹೂವು ಇನ್ನೂ ಎಷ್ಟು ದಿನ ಇರತ್ತೆ ಅಂತ ಗೊತ್ತು ಮಾಡೋಕೆ ತೆನೆ ನೋಡಿ, ತುದಿ ಬಿಳಿ ಇದ್ರೆ ಇನ್ನೂ ಅರಳ್ತಾ ಇದೆ ಅಂತ, ಕೆಳಗೆ ಹಸಿರು ಕಾಯಿ ಕಟ್ಟಿ ಹೂವಿನ ಒಳಗಿನ ಬಿಳಿ ಚುಕ್ಕೆ ಎಲ್ಲ ಕೆನ್ನೇರಳೆಗೆ ತಿರುಗಿದ್ರೆ ಅದರ ಕಾಲ ಮುಗೀತಾ ಬಂತು, ಬೇಗ ಹೋಗಿ.

ಹೊತ್ತು ಮತ್ತೆ ಬಟ್ಟೆ

ಮಾರ್ಚ್ ಕೊನೆಗೆ ಆಸ್ಟಿನ್‌ನಲ್ಲಿ ಸೂರ್ಯ ಮುಳುಗೋದು 7:45ರ ಆಸುಪಾಸು, ಏಪ್ರಿಲ್ ಮಧ್ಯಕ್ಕೆ 8 ಗಂಟೆ. ಮುಳುಗೋಕೆ ಒಂದೂವರೆ ಗಂಟೆ ಮುಂಚೆ ಅಲ್ಲಿರಿ, ಕೊನೇ ಒಂದು ಗಂಟೆ ಬೆಳಕು ಹಳದಿಯಾಗಿ ಮೆತ್ತಗಿರತ್ತೆ. ಮಧ್ಯಾಹ್ನ ಹೋದ್ರೆ ಎಲ್ಲರ ಕಣ್ಣು ಮುಚ್ಚಿರತ್ತೆ, ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳತ್ತೆ. ಬೆಳಿಗ್ಗೆನೂ ಚೆನ್ನಾಗಿರತ್ತೆ ಆದ್ರೆ ಇಬ್ಬನಿಗೆ ಸೀರೆ ಅಂಚು ಒದ್ದೆಯಾಗತ್ತೆ.

ಬಟ್ಟೆ ವಿಷಯಕ್ಕೆ ಬಂದ್ರೆ, ನೀಲಿ ನೇರಳೆ ಉಟ್ರೆ ಹೂವಲ್ಲಿ ಕಳೆದುಹೋಗ್ತೀರ. ಗಿಳಿ ಹಸಿರು, ರೇಡಿಯಂ ಬಣ್ಣ ಬೇಡ, ಅದರ ಛಾಯೆ ಗಲ್ಲದ ಮೇಲೆ ಬೀಳತ್ತೆ. ಕೆನೆ ಬಣ್ಣ, ಸಾಸಿವೆ ಹಳದಿ, ಅರಿಶಿನ, ಇಟ್ಟಿಗೆ ಕೆಂಪು, ತಿಳಿ ಗುಲಾಬಿ ಇವೆಲ್ಲ ನೀಲಿ ಮುಂದೆ ಎದ್ದು ಕಾಣತ್ತೆ. ಅಮ್ಮನ ಹಳೇ ಇಳಕಲ್ ಸೀರೆ ಕೆಂಪು ಸೆರಗಿಂದಿದ್ರೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಮೈಸೂರು ಸಿಲ್ಕೂ ಸಂಜೆ ಬೆಳಕಿಗೆ ಹೊಳೆಯತ್ತೆ. ಎಲ್ಲರೂ ಒಂದೇ ಬಣ್ಣ ಹಾಕ್ಬೇಕು ಅಂತೇನಿಲ್ಲ, ಅಜ್ಜಿ ಸೀರೆ ಮೊದಲು ಆರಿಸಿ, ಅದರ ಬಣ್ಣಕ್ಕೆ ಮಿಕ್ಕವರು ಹೊಂದಿಸ್ಕೊಳಿ. ಇಲ್ಲಿ ವಸಂತದಲ್ಲಿ ಗಾಳಿ ಜೋರು, ಸೆರಗಿಗೆ ಎರಡು ಪಿನ್ ಜಾಸ್ತಿ ಹಾಕಿ. ಕಾಲಿಗೆ ಶೂಸ್, ಫೋಟೋದಲ್ಲಿ ಪಾದ ಹೂವಿನ ಹಿಂದೆ ಮುಚ್ಚಿಹೋಗತ್ತೆ, ಚಪ್ಪಲಿ ಹಾಕಿದ್ರೆ ಇರುವೆ ಬಿಡಲ್ಲ.

ಹೂವು ತುಳಿಯದೆ ಹೂವಿನ ಮಧ್ಯೆ ನಿಲ್ಲೋದು

ಇದು ನನಗೆ ಎಲ್ಲಕ್ಕಿಂತ ಮುಖ್ಯ. ಬ್ಲೂಬಾನೆಟ್ ಒಂದೇ ವರ್ಷದ ಗಿಡ, ಹೂವು ಕಾಯಾಗಿ, ಕಾಯಿ ಒಣಗಿ ಪಟ್ ಅಂತ ಸಿಡಿದು ಬೀಜ ಬಿದ್ರೆ ಮಾತ್ರ ಮುಂದಿನ ವಸಂತಕ್ಕೆ ಗಿಡ. ಹೂವಿದ್ದಾಗ ಮುರಿದ ಗಿಡ ಬೀಜ ಕೊಡಲ್ಲ. ಒಬ್ರು ಕೂತೆದ್ದ ಜಾಗ ಚೆನ್ನಾಗಿ ಕಾಣತ್ತೆ ಅಂತ ಇನ್ನೊಬ್ರು ಅಲ್ಲೇ ಕೂರ್ತಾರೆ, ಏಪ್ರಿಲ್ ಎರಡನೇ ವಾರಕ್ಕೆ ಪಾರ್ಕ್ ತುಂಬ ಇಂಥ ಬೋಳು ಗುಂಡು ಗುಂಡು ಜಾಗ ನೋಡಿದ್ರೆ ಹೊಟ್ಟೆ ಉರಿಯತ್ತೆ.

ಮಧ್ಯೆ ಹೋಗದೇನೇ ಮಧ್ಯೆ ಇದ್ದ ಹಾಗೆ ಫೋಟೋ ಬರತ್ತೆ, ಹೇಗೆ ಅಂದ್ರೆ, ಮನೆಯವರೆಲ್ಲ ಮೊದಲೇ ಇರೋ ಕಾಲುದಾರಿ ಮೇಲೋ ಬೋಳು ಜಾಗದಲ್ಲೋ ನಿಲ್ಲಲಿ, ಅವರ ಮುಂದೂ ಹಿಂದೂ ಹೂವಿರೋ ಜಾಗ ಆಗಿರ್ಬೇಕು. ಫೋಟೋ ತೆಗೆಯೋರು ಇಪ್ಪತ್ತು ಮೂವತ್ತು ಅಡಿ ದೂರ, ಅವರೂ ದಾರಿ ಮೇಲೇ, ಮಂಡಿಯೂರಿ ಕ್ಯಾಮೆರಾನ ಹೂವಿನ ಎತ್ತರಕ್ಕೆ ಇಳಿಸ್ಬೇಕು. ಈಗ 85 ಎಂಎಂ ಲೆನ್ಸ್ ಹಾಕಿದ್ರೆ, ಇಲ್ಲಾ 70-200 ಎಂಎಂ ಝೂಮ್ ಲೆನ್ಸ್ ಹಾಕಿ ಝೂಮ್ ಮಾಡಿದ್ರೆ ಮುಂದಿನ ಹೂವು ಮಸುಕಾಗಿ ನೀಲಿ ಹೊಗೆ ಥರ ಕಾಲು ಮುಚ್ಚತ್ತೆ, ಹಿಂದಿನ ಹೂವು ಒತ್ತೊತ್ತಾಗಿ ಹತ್ರ ಬಂದ ಹಾಗೆ ಕಾಣತ್ತೆ, ಅಲ್ಲೊಂದು ಇಲ್ಲೊಂದು ಗಿಡ ಇದ್ರೂ ಹೊಲ ತುಂಬಿದ ಹಾಗೆ. ಮೊಬೈಲಲ್ಲೂ ಆಗತ್ತೆ, ಎರಡು ಪಟ್ಟು ಅಥವಾ ಮೂರು ಪಟ್ಟು ಝೂಮ್ ಇಡಿ, ಅಗಲದ ಲೆನ್ಸ್ ಬೇಡ, ಮೊದಲು ಲೆನ್ಸ್ ಒರೆಸಿ, ಅಜ್ಜಿ ಮುಖದ ಮೇಲೆ ಒತ್ತಿ ಫೋಕಸ್ ಮಾಡಿ.

ಕ್ಯಾಮೆರಾ ಇದ್ದೋರಿಗೆ ಎರಡೇ ಮಾತು, ಎರಡು ಸಾಲಲ್ಲಿ ಜನ ಇದ್ರೆ ಅಪರ್ಚರ್ ಎಫ್ 5.6 ಇಡಿ, 1.8ರಲ್ಲಿ ತೆಗೆದ್ರೆ ಹಿಂದಿನ ಸಾಲಿನ ತಾತ ಮಸುಕಾಗ್ತಾರೆ, ಮತ್ತೆ ಶಟರ್ 1/250 ಸೆಕೆಂಡಿಗಿಂತ ನಿಧಾನ ಬೇಡ, ಗಾಳಿಗೆ ಹೂವು ಅಲ್ಲಾಡತ್ತೆ, ಮಕ್ಕಳಂತೂ ನಿಲ್ಲೋದೇ ಇಲ್ಲ. ಸೂರ್ಯ ಎಲ್ಲರ ಬೆನ್ನ ಹಿಂದೆ ಇರಲಿ.

ಆವತ್ತಿನ ಸಂಜೆ

ಇಳಿದ ತಕ್ಷಣ ನೆಲ ನೋಡಿ. ಸಡಿಲ ಮಣ್ಣಿನ ಗುಡ್ಡೆ ಕಂಡ್ರೆ ಅದು ಫೈರ್ ಆಂಟ್ ಗೂಡು, ಕಾಲಿಟ್ರೆ ಗುಂಪಾಗಿ ಹತ್ತಿ ಕಚ್ಚತ್ತೆ, ಮರುದಿನಕ್ಕೆ ಕೀವಿನ ಗುಳ್ಳೆ ಬರತ್ತೆ. ಹಾವೂ ಇರ್ತಾವೆ, ಗಿಲಿಗಿಲಿ ಬಾಲದ ರಾಟಲ್‌ಸ್ನೇಕ್, ಅದಕ್ಕೇ ಒತ್ತಾಗಿ ಬೆಳೆದ ಕಡೆ ನೋಡದೇ ಮಗುನ ಕೂರಿಸ್ಲೇಬೇಡಿ, ಕೈ ಹಾಕ್ಬೇಡಿ. ಈ ಗಿಡ, ಬೀಜ ತಿಂದ್ರೆ ವಿಷ, ಎಲ್ಲಾನೂ ಬಾಯಿಗೆ ಹಾಕೋ ವಯಸ್ಸಿನ ಮಗು ಇದ್ರೆ ಒಬ್ರು ಅದರ ಕೈ ಮೇಲೇ ಕಣ್ಣಿಟ್ಟಿರ್ಬೇಕು. ಇನ್ನೊಂದು, ಇದೇ ಹೊತ್ತಿಗೆ ಇಲ್ಲಿ ಓಕ್ ಮರದ ಪರಾಗ ಗಾಳೀಲಿ ತುಂಬಿರತ್ತೆ, ಊರಿಂದ ಬಂದವರಿಗೆ ಕಣ್ಣು ಕೆಂಪಾಗಿ ಸೀನು ಶುರುವಾಗತ್ತೆ, ಅವರ ಡಾಕ್ಟರನ್ನ ಮೊದಲೇ ಕೇಳಿ ಮಾತ್ರೆ ಇಟ್ಕೊಳಿ.

ಮಡಚೋ ಕುರ್ಚಿ ಎರಡು ತಗೊಂಡು ಹೋಗಿ. ತಾತ ಅಜ್ಜಿ ಕುರ್ಚೀಲಿ ಕೂತು ಮಿಕ್ಕವರು ಸುತ್ತ ನಿಂತ್ರೆ ನಮ್ಮ ಹಳೇ ಸ್ಟುಡಿಯೋ ಫೋಟೋ ಥರ ಬರತ್ತೆ, ಅದೇ ಚೆಂದ. ಮೊದಲ ಹತ್ತು ನಿಮಿಷದಲ್ಲೇ ಎಲ್ಲರೂ ಇರೋ ಫೋಟೋ ಮುಗಿಸಿ, ಆಮೇಲೆ ತಾತ ಅಜ್ಜಿ ಮೊಮ್ಮಕ್ಕಳು, ಆಮೇಲೆ ಅವರಿಬ್ಬರೇ. ಅಲ್ಲಿಗೆ ಅವರನ್ನ ಕೂರಿಸಿ ಫ್ಲಾಸ್ಕಿನ ಕಾಫಿ ಕೊಡಿ, ನೀವೂ ಮಕ್ಕಳೂ ಉಳಿದ ಬೆಳಕಲ್ಲಿ ಬೇಕಾದಷ್ಟು ತೆಗೆಸ್ಕೊಳಿ. ಮಕ್ಕಳಿಗೆ ಹೊರಡೋ ಮುಂಚೆ ಹೊಟ್ಟೆ ತುಂಬ ಮೊಸರನ್ನ ತಿನ್ನಿಸಿ, ಅಲ್ಲಿ ಕೊಡೋಕೆ ಬಟ್ಟೆಗೆ ಅಂಟದೇ ಇರೋ ಕೋಡುಬಳೆ ಥರದ್ದು ಇರಲಿ. ನಗು ನಗು ಅಂತ ಕೂಗೋ ಬದಲು ಅಜ್ಜಿ ಹತ್ರ ಊರಿನ ಕರು ಕತೆ ಹೇಳ್ಸಿ, ಕ್ಯಾಮೆರಾ ನೋಡದೇ ಇರೋ ಫೋಟೋಗಳೇ ನಮ್ಮ ಮನೇಲಿ ಎಲ್ಲರಿಗೂ ಇಷ್ಟ ಆಗಿದ್ದು.

ಅವರು ವಾಪಸ್ ಹೊರಡೋ ಮುಂಚೆ ಪ್ರಿಂಟ್ ಹಾಕ್ಸಿ, ಆಮೇಲೆ ಕಳಿಸ್ತೀನಿ ಅಂತ ಫೋನಲ್ಲೇ ಬಿಡಬೇಡಿ. 8 ಇಂಟು 12 ಇಂಚಿನದು ಎರಡು, ರಟ್ಟಿನ ಮಧ್ಯೆ ಇಟ್ಟು ಹ್ಯಾಂಡ್ ಬ್ಯಾಗೇಜಲ್ಲಿ ಕೊಡಿ, ಗಾಜಿನ ಫ್ರೇಮ್ ಊರಲ್ಲೇ ಹಾಕಿಸ್ಕೊಳ್ಳಲಿ. ನಮ್ಮ ಮಾವ ಹಾಸನದಲ್ಲಿ ಹಾಕಿಸಿರೋ ಫ್ರೇಮ್ ಟಿವಿ ಪಕ್ಕ ಇದೆ, ಬಂದವರೆಲ್ಲ ಇದ್ಯಾವ ಹೂವು ಅಂತ ಕೇಳ್ತಾರಂತೆ, ಮಾವ ಅವರೆ ಜಾತೀದು ಅಂತ ಶುರು ಮಾಡಿ ಆ ಸಂಜೆ ಪೂರ್ತಿ ಹೇಳ್ತಾರಂತೆ.